ಹಿಮನದಿ ನೋಡಲು ಹಡಗಿನ ಪ್ರಯಾಣ: ಕಂಪನಿ, ಹಡಗು ಆರಿಸುವ ಮುನ್ನ ಜೈನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಅನೇಕ ಜೈನ ಮನೆತನಗಳ ಮಕ್ಕಳು ಇಂದು ಅಮೆರಿಕ, ಕೆನಡಾಗಳಲ್ಲಿ ನೌಕರಿಯಲ್ಲಿದ್ದಾರೆ. ಬೇಸಿಗೆಯಲ್ಲಿ ತಂದೆ-ತಾಯಿಯನ್ನು ಕರೆಸಿಕೊಂಡಾಗ ಅವರಿಗೆ ಒಂದು ದೊಡ್ಡ ಪ್ರವಾಸ ಮಾಡಿಸಬೇಕೆಂಬ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಅದರಲ್ಲಿ ಈಚೆಗೆ ಹೆಚ್ಚು ಕೇಳಿಬರುವ ಹೆಸರು ಅಲಾಸ್ಕಾ. ಏಳು ರಾತ್ರಿ ಹಡಗಿನಲ್ಲಿದ್ದು, ಬೆಟ್ಟದಿಂದ ಸಮುದ್ರಕ್ಕೆ ಇಳಿಯುವ ಹಿಮನದಿಯನ್ನು ಎದುರಿಗೆ ನಿಂತು ನೋಡುವ ಪ್ರಯಾಣ ಇದು.

ಮಕ್ಕಳು ಟಿಕೆಟ್ ಮಾಡಿ ಫೋನಿನಲ್ಲಿ ಹೇಳುತ್ತಾರೆ. ಇತ್ತ ಮನೆಯಲ್ಲಿ ತಾಯಿಯ ಮೊದಲ ಪ್ರಶ್ನೆ, "ಅಲ್ಲಿ ಊಟದ್ದು ಹೆಂಗಪಾ?" ಈ ಪ್ರಶ್ನೆಗೆ ಟಿಕೆಟ್ ಮಾಡುವ ಮೊದಲೇ ಉತ್ತರ ಸಿಗಬೇಕು. ಇಲ್ಲದಿದ್ದರೆ ಮಗನಿಗೆ ಬೇಸರವಾದೀತೆಂದು ಹಿರಿಯರು ಬಾಯಿಬಿಡದೆ ಏಳು ದಿನ ಬಾಳೆಹಣ್ಣು, ಹಾಲಿನಲ್ಲಿ ಕಳೆಯುತ್ತಾರೆ. ಅಥವಾ ಐವತ್ತು ವರ್ಷ ಪಾಲಿಸಿದ ನಿಯಮವನ್ನು ಸಂಕೋಚಕ್ಕೆ ಬಿಡುತ್ತಾರೆ. ಲಕ್ಷಗಟ್ಟಲೆ ಖರ್ಚು ಮಾಡಿ ಎರಡೂ ಆಗಬಾರದು. ಹೀಗಾಗಿ ಹಡಗು ಆರಿಸುವ ಕ್ರಮವನ್ನು ಇಲ್ಲಿ ಒಂದೊಂದಾಗಿ ಕೊಡಲಾಗಿದೆ.

ಮೊದಲು ಹಿಮನದಿ, ಆಮೇಲೆ ಹಡಗು

ಜಾಹೀರಾತಿನಲ್ಲಿ ಎಲ್ಲ ಹಡಗುಗಳೂ "ಹಿಮನದಿ ದರ್ಶನ" ಎಂದೇ ಬರೆಯುತ್ತವೆ. ಆದರೆ ಎಲ್ಲ ಹಡಗುಗಳು ಒಂದೇ ಹಿಮನದಿಗೆ ಹೋಗುವುದಿಲ್ಲ. ಅಲಾಸ್ಕಾದಲ್ಲಿ ದೊಡ್ಡ ಹಡಗುಗಳು ಹೋಗುವ ಮುಖ್ಯ ಸ್ಥಳಗಳು ಇವು:

ಗ್ಲೇಸಿಯರ್ ಬೇ: ಇದು 1980ರಿಂದ ಅಮೆರಿಕದ ರಾಷ್ಟ್ರೀಯ ಉದ್ಯಾನ. 1992ರಿಂದ ಯುನೆಸ್ಕೋ ವಿಶ್ವ ಪರಂಪರೆ ತಾಣದ ಭಾಗ. ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗುಗಳಿಗೆ ಇಲ್ಲಿ ಪ್ರವೇಶ. ಹಡಗು ದಡಕ್ಕೆ ತಾಗುವುದಿಲ್ಲ. ಉದ್ಯಾನದ ರೇಂಜರುಗಳೇ ಹಡಗು ಹತ್ತಿ ಬಂದು ವಿವರಣೆ ನೀಡುತ್ತಾರೆ. ಇಲ್ಲಿಯ ಮಾರ್ಜರಿ ಹಿಮನದಿ ಸುಮಾರು 34 ಕಿ.ಮೀ. ಉದ್ದ. ಅದರ ಮುಖ ನೀರಿನ ಮೇಲೆ ಸುಮಾರು 75 ಮೀಟರ್ ಎತ್ತರಕ್ಕೆ ನಿಂತಿದೆ. 1794ರಲ್ಲಿ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ತಂಡ ಬಂದಾಗ ಈ ಕೊಲ್ಲಿಯ ಬಹುಭಾಗ ಮಂಜುಗಡ್ಡೆಯಿಂದಲೇ ತುಂಬಿತ್ತು. 1879ರಲ್ಲಿ ಜಾನ್ ಮ್ಯೂರ್ ಬಂದಾಗ ಆ ಮಂಜು 60 ಕಿ.ಮೀ.ಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಹಡಗು ಸಾಗುವ ನೀರಿನ ದಾರಿ ಆಗ ಹಿಮನದಿಯೇ ಆಗಿತ್ತು.

ಹಬ್ಬರ್ಡ್ ಹಿಮನದಿ: ಉತ್ತರ ಅಮೆರಿಕದಲ್ಲಿ ಸಮುದ್ರಕ್ಕೆ ಇಳಿಯುವ ಹಿಮನದಿಗಳಲ್ಲಿ ಅತಿ ದೊಡ್ಡದು. ಉದ್ದ ಸುಮಾರು 122 ಕಿ.ಮೀ., ಅಂದರೆ ಹೆಚ್ಚುಕಡಿಮೆ ಬಾಗಲಕೋಟೆಯಿಂದ ಹುಬ್ಬಳ್ಳಿಯವರೆಗೆ. ಮುಖದ ಅಗಲವೇ ಸುಮಾರು 10 ಕಿ.ಮೀ. ಬೇರೆ ಹಿಮನದಿಗಳು ಕರಗಿ ಹಿಂದೆ ಸರಿಯುತ್ತಿದ್ದರೆ ಇದು ಮುಂದಕ್ಕೆ ಬರುತ್ತಿದೆ. 1986 ಮತ್ತು 2002ರಲ್ಲಿ ಪಕ್ಕದ ರಸೆಲ್ ಫಿಯೋರ್ಡಿನ ಬಾಯಿಯನ್ನೇ ಮುಚ್ಚಿತ್ತು. ತೇಲುವ ಮಂಜು ಹೆಚ್ಚಿದ್ದ ದಿನ ಹಡಗು ದೂರದಲ್ಲೇ ನಿಲ್ಲಬೇಕಾಗುತ್ತದೆ.

ಟ್ರೇಸಿ ಆರ್ಮ್, ಎಂಡಿಕಾಟ್ ಆರ್ಮ್: ಜೂನೋ ಪಟ್ಟಣದ ದಕ್ಷಿಣಕ್ಕಿರುವ ಇಕ್ಕಟ್ಟಾದ ಫಿಯೋರ್ಡುಗಳು. ಟ್ರೇಸಿಯಲ್ಲಿ ಸಾಯರ್ ಹಿಮನದಿಗಳು, ಎಂಡಿಕಾಟ್‌ನಲ್ಲಿ ಡಾಸ್ ಹಿಮನದಿ. 2025ರ ಆಗಸ್ಟ್ 10ರಂದು ಟ್ರೇಸಿ ಆರ್ಮ್‌ನಲ್ಲಿ ದೊಡ್ಡ ಭೂಕುಸಿತವಾಗಿ ಎತ್ತರದ ಅಲೆಗಳು ಎದ್ದವು. ಆದ್ದರಿಂದ ಈ ಹೆಸರಿರುವ ಪ್ರಯಾಣ ಬುಕ್ ಮಾಡುವಾಗ ಹಡಗು ನಿಜವಾಗಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಖಚಿತ ಮಾಡಿಕೊಳ್ಳಬೇಕು.

ಕಾಲೇಜ್ ಫಿಯೋರ್ಡ್: 1899ರ ಹ್ಯಾರಿಮನ್ ಸಂಶೋಧನಾ ಯಾತ್ರೆಯವರು ಇಲ್ಲಿಯ ಹಿಮನದಿಗಳಿಗೆ ಹಾರ್ವರ್ಡ್, ಯೇಲ್ ಮುಂತಾದ ಕಾಲೇಜುಗಳ ಹೆಸರಿಟ್ಟರು. ಒಂದೇ ದಿಕ್ಕಿನಲ್ಲಿ ಹೋಗುವ ಕೆಲವು ಪ್ರಯಾಣಗಳಲ್ಲಿ ಮಾತ್ರ ಇದು ಸೇರಿರುತ್ತದೆ.

ಮೆಂಡನ್‌ಹಾಲ್ ಹಿಮನದಿಯನ್ನು ಜೂನೋ ಪಟ್ಟಣದಿಂದ ಬಸ್ಸಿನಲ್ಲಿ ಸುಮಾರು 20 ಕಿ.ಮೀ. ಹೋಗಿ ನೆಲದ ಮೇಲಿಂದ ನೋಡಬಹುದು. ಯಾವ ಹಡಗಿನಲ್ಲಿ ಬಂದವರಿಗೂ ಇದು ಸಾಧ್ಯ. ಆದರೆ ಹಡಗಿನಿಂದ ನೋಡುವ ಹಿಮನದಿಯ ಲೆಕ್ಕದಲ್ಲಿ ಇದನ್ನು ಸೇರಿಸಬಾರದು.

ಪ್ರಯಾಣದ ದಿನಚರಿಯಲ್ಲಿ ಹಿಮನದಿಯ ಹೆಸರು ಸ್ಪಷ್ಟವಾಗಿ ಬರೆದಿರಬೇಕು. ಹೆಸರಿಲ್ಲದೆ "ಸುಂದರ ಜಲಯಾನ" ಎಂದಷ್ಟೇ ಇದ್ದರೆ ಆ ಪ್ರಯಾಣ ಬಿಡುವುದು ಒಳ್ಳೆಯದು.

ಹೊರಡುವ ಬಂದರು ಮತ್ತು ವೀಸಾ

ಅಲಾಸ್ಕಾ ಹಡಗುಗಳು ಮುಖ್ಯವಾಗಿ ಅಮೆರಿಕದ ಸಿಯಾಟಲ್‌ನಿಂದ ಅಥವಾ ಕೆನಡಾದ ವ್ಯಾಂಕೂವರ್‌ನಿಂದ ಹೊರಡುತ್ತವೆ. ಹೊರಟಲ್ಲಿಗೇ ಮರಳುವ ಏಳು ರಾತ್ರಿಯ ಪ್ರಯಾಣ ಒಂದು ಬಗೆ. ವ್ಯಾಂಕೂವರ್‌ನಿಂದ ಅಲಾಸ್ಕಾದ ಸೀವರ್ಡ್ ಅಥವಾ ವಿಟಿಯರ್‌ವರೆಗೆ ಒಂದೇ ದಿಕ್ಕಿಗೆ ಹೋಗುವುದು ಇನ್ನೊಂದು ಬಗೆ.

ಇಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಮಗ ಸಿಯಾಟಲ್‌ನಲ್ಲಿದ್ದಾನೆ, ಹಡಗು ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುತ್ತದೆ, ಅಲಾಸ್ಕಾವೂ ಅಮೆರಿಕದ್ದೇ, ಆದ್ದರಿಂದ ಅಮೆರಿಕದ ವೀಸಾ ಸಾಕು ಎಂದು ತಿಳಿಯುವುದು ಸಹಜ. ಆದರೆ 1886ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ ಬೇರೆ ದೇಶದಲ್ಲಿ ನೋಂದಾಯಿಸಿದ ಹಡಗು ಮಧ್ಯದಲ್ಲಿ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ದೊಡ್ಡ ಪ್ರವಾಸಿ ಹಡಗುಗಳು ಬಹುತೇಕ ಬಹಾಮಾಸ್, ಬರ್ಮುಡಾ, ನೆದರ್‌ಲ್ಯಾಂಡ್ಸ್ ಮುಂತಾದ ದೇಶಗಳ ಧ್ವಜದವು. ಹೀಗಾಗಿ ಅವು ಕೆನಡಾದ ವಿಕ್ಟೋರಿಯಾದಂಥ ಬಂದರಿಗೆ ಹೋಗುತ್ತವೆ. ಭಾರತದ ಪಾಸ್‌ಪೋರ್ಟ್ ಇರುವವರು ಹಲವು ಬಾರಿ ಪ್ರವೇಶಿಸಬಹುದಾದ ಅಮೆರಿಕದ ವೀಸಾ ಮತ್ತು ಕೆನಡಾದ ವೀಸಾ ಎರಡನ್ನೂ ಕೈಯಲ್ಲಿಟ್ಟುಕೊಂಡೇ ಹೋಗಬೇಕು. ದಾಖಲೆ ಸರಿ ಇಲ್ಲದಿದ್ದರೆ ಬಂದರಿನಲ್ಲೇ ತಡೆಯುತ್ತಾರೆ, ಹಣವೂ ಮರಳುವುದಿಲ್ಲ.

ಅಮೆರಿಕದ ಪ್ರವಾಸಿ ವೀಸಾ ಶುಲ್ಕ 185 ಡಾಲರ್. ಸಂದರ್ಶನಕ್ಕೆ ನಮ್ಮ ಭಾಗದವರು ಸಾಮಾನ್ಯವಾಗಿ ಹೈದರಾಬಾದ್, ಚೆನ್ನೈ ಅಥವಾ ಮುಂಬೈಗೆ ಹೋಗುತ್ತಾರೆ. ಕೆನಡಾದ ವೀಸಾಕ್ಕೆ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಶುಲ್ಕಗಳು ಬದಲಾಗುವುದುಂಟು, ಅರ್ಜಿ ಹಾಕುವ ದಿನ ನೋಡಿಕೊಳ್ಳಬೇಕು. ಸಂದರ್ಶನದ ದಿನ ಸಿಗಲು ತಿಂಗಳುಗಳೇ ಹಿಡಿಯಬಹುದು. ವೀಸಾ ಮೊದಲು, ಹಡಗಿನ ಪೂರ್ತಿ ಹಣ ಆಮೇಲೆ. ಈ ಕ್ರಮ ತಪ್ಪಬಾರದು.

ಕಡಲಿನ ಏರಿಳಿತದಲ್ಲೂ ವ್ಯತ್ಯಾಸವಿದೆ. ವ್ಯಾಂಕೂವರ್‌ನಿಂದ ಹೊರಡುವ ಹಡಗು ದ್ವೀಪಗಳ ಒಳಗಿನ ಶಾಂತ ನೀರಿನಲ್ಲಿ ಸಾಗುತ್ತದೆ. ಸಿಯಾಟಲ್‌ನ ಹಡಗು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಹೊರಗಿನ ತೆರೆದ ಸಮುದ್ರದಲ್ಲಿ ಹೋಗುತ್ತದೆ. ಸೀವರ್ಡ್, ವಿಟಿಯರ್‌ಗೆ ಹೋಗುವವರು ಅಲಾಸ್ಕಾ ಕೊಲ್ಲಿ ದಾಟಬೇಕು. ಬಸ್ಸಿನಲ್ಲಿ ಘಟ್ಟ ಹತ್ತಿದರೆ ತಲೆ ಸುತ್ತುವವರಿಗೆ ವ್ಯಾಂಕೂವರ್‌ನ ಒಳದಾರಿಯೇ ಅನುಕೂಲ.

ಯಾವ ಕಂಪನಿ ಯಾರಿಗೆ

ಹಾಲೆಂಡ್ ಅಮೆರಿಕ ಲೈನ್: 1873ರಲ್ಲಿ ಆರಂಭವಾದ ಹಳೆಯ ಕಂಪನಿ. ಹಡಗುಗಳು ಮಧ್ಯಮ ಗಾತ್ರದವು, ಗದ್ದಲ ಕಡಿಮೆ, ಪ್ರಯಾಣಿಕರಲ್ಲಿ ಹಿರಿಯರೇ ಹೆಚ್ಚು. ಗ್ಲೇಸಿಯರ್ ಬೇ ಪ್ರವೇಶ ಇದಕ್ಕೆ ಧಾರಾಳವಾಗಿದೆ.

ಪ್ರಿನ್ಸೆಸ್ ಕ್ರೂಸಸ್: ಗ್ಲೇಸಿಯರ್ ಬೇಗೆ ಹೆಚ್ಚು ಹೋಗುವ ಇನ್ನೊಂದು ಕಂಪನಿ. ಹಡಗು ಇಳಿದ ಮೇಲೆ ರೈಲಿನಲ್ಲಿ ಡೆನಾಲಿ ಪರ್ವತದ ಕಡೆಗೆ ಹೋಗುವ ಏರ್ಪಾಡೂ ಇದಕ್ಕಿದೆ. ಎರಡು ತಲೆಮಾರು ಕೂಡಿ ಹೋಗುವವರಿಗೆ ಹೊಂದುತ್ತದೆ.

ನಾರ್ವೇಜಿಯನ್: ದೊಡ್ಡ ಹಡಗುಗಳು. ಊಟಕ್ಕೆ ನಿಗದಿತ ಪಾಳಿ ಇಲ್ಲ, ಬೇಕಾದ ಹೊತ್ತಿಗೆ ಹೋಗಬಹುದು. ಕೆಲವು ಪ್ರಯಾಣಗಳು ಮಾತ್ರ ಗ್ಲೇಸಿಯರ್ ಬೇಗೆ ಹೋಗುತ್ತವೆ, ಆದ್ದರಿಂದ ಹಡಗಿನ ಹೆಸರು, ತಾರೀಖು ಎರಡನ್ನೂ ನೋಡಬೇಕು.

ರಾಯಲ್ ಕೆರಿಬಿಯನ್, ಸೆಲೆಬ್ರಿಟಿ: ಇವುಗಳ ಪ್ರಯಾಣಗಳಲ್ಲಿ ಸಾಮಾನ್ಯವಾಗಿ ಹಬ್ಬರ್ಡ್ ಅಥವಾ ಎಂಡಿಕಾಟ್ ಆರ್ಮ್ ಇರುತ್ತದೆ. ರಾಯಲ್ ಕೆರಿಬಿಯನ್‌ನ ದೊಡ್ಡ ಹಡಗುಗಳಲ್ಲಿ 4,000ಕ್ಕೂ ಹೆಚ್ಚು ಪ್ರಯಾಣಿಕರಿರುತ್ತಾರೆ. ಮಕ್ಕಳಿಗೆ ಆಟ, ಈಜುಕೊಳ, ಪ್ರದರ್ಶನ ಎಲ್ಲ ಇದೆ. ಮೊಮ್ಮಕ್ಕಳು ಖುಷಿಪಡುತ್ತಾರೆ, ಅಜ್ಜ-ಅಜ್ಜಿಗೆ ನಡಿಗೆ ಹೆಚ್ಚಾಗುತ್ತದೆ.

ಅನ್‌ಕ್ರೂಸ್, ಲಿಂಡ್‌ಬ್ಲಾಡ್‌ನಂಥ ಸಣ್ಣ ಹಡಗುಗಳು: ಪ್ರಯಾಣಿಕರು ನೂರರ ಆಸುಪಾಸು. ದೊಡ್ಡ ಹಡಗು ಹೋಗಲಾಗದ ಇಕ್ಕಟ್ಟಿಗೂ ಹೋಗುತ್ತವೆ. ಅನ್‌ಕ್ರೂಸ್ ಹಡಗುಗಳು ಅಮೆರಿಕದ ಧ್ವಜದವು. ಆದ್ದರಿಂದ ಜೂನೋದಲ್ಲಿ ಹತ್ತಿ ಜೂನೋದಲ್ಲೇ ಇಳಿಯುವ ಪ್ರಯಾಣಕ್ಕೆ ಕೆನಡಾ ಮುಟ್ಟುವ ಅಗತ್ಯವಿಲ್ಲ. ಆದರೆ ಬೆಲೆ ಬಹಳ ಹೆಚ್ಚು, ಮೆಟ್ಟಿಲು ಹೆಚ್ಚು. ಅಡುಗೆಮನೆ ಸಣ್ಣದಾದ್ದರಿಂದ ಊಟದ ಮಾತು ಮೊದಲೇ ಪಕ್ಕಾ ಆಗಬೇಕು.

ಕೊಠಡಿ ಯಾವುದು

ಕಿಟಕಿ ಇಲ್ಲದ ಒಳಕೊಠಡಿ ಅಗ್ಗ, ಕಿಟಕಿಯದು ನಡುವೆ, ಬಾಲ್ಕನಿಯದು ದುಬಾರಿ. ಹಿಮನದಿಯ ಮುಂದೆ ಹಡಗು ನಿಧಾನವಾಗಿ ಸುತ್ತು ತಿರುಗುತ್ತದೆ, ಎರಡೂ ಬದಿಯವರಿಗೆ ಕಾಣುತ್ತದೆ. ಮೇಲಿನ ಅಟ್ಟದಿಂದ ಎಲ್ಲರಿಗೂ ನೋಡಲು ಅವಕಾಶವಿದೆ. ಆದ್ದರಿಂದ ಎಡ, ಬಲ ಎಂದು ಹೆಚ್ಚು ಹಣ ಕೊಡಬೇಕಿಲ್ಲ. ಚಳಿಗಾಳಿಯಲ್ಲಿ ನಿಲ್ಲಲಾಗದ ಹಿರಿಯರಿದ್ದರೆ ಮಾತ್ರ ಬಾಲ್ಕನಿಗೆ ಕೊಟ್ಟ ಹಣ ಸಾರ್ಥಕ. ಬೆಳಗಿನ ಸಾಮಾಯಿಕ, ಜಪಕ್ಕೂ ಅದು ಏಕಾಂತದ ಜಾಗವಾಗುತ್ತದೆ. ಹೊಟ್ಟೆ ತೊಳಸುವವರು ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ಕೊಠಡಿ ಕೇಳಬೇಕು. ಅಲ್ಲಿ ಅಲುಗಾಟ ಕಡಿಮೆ.

ಊಟದ ವಿಚಾರ

"ವೆಜಿಟೇರಿಯನ್" ಎಂದು ಬರೆದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬರುತ್ತವೆ, ಕೆಲವೊಮ್ಮೆ ಮೊಟ್ಟೆಯೂ ಬರುತ್ತದೆ. "ವೀಗನ್" ಎಂದು ಬರೆದರೆ ಮೊಟ್ಟೆ ತಪ್ಪುತ್ತದೆ, ಆದರೆ ಹಾಲು, ಮೊಸರು, ತುಪ್ಪವೂ ತಪ್ಪುತ್ತದೆ, ಕಂದಮೂಲ ಮಾತ್ರ ಉಳಿದೇ ಇರುತ್ತದೆ. ಆದ್ದರಿಂದ "ಜೈನ್ ಮೀಲ್" ಎಂಬ ಮಾತಿನ ಜೊತೆಗೆ ವಿವರವಾದ ಪಟ್ಟಿಯನ್ನೂ ಕೊಡಬೇಕು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಗಜ್ಜರಿ, ಮೂಲಂಗಿ, ಬೀಟ್‌ರೂಟ್, ಹಸಿ ಶುಂಠಿ, ಅಣಬೆ, ಮೊಟ್ಟೆ, ಜೇನು, ಜೆಲಟಿನ್ ಬೇಡ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ನಾಲ್ಕಾರು ಚೀಟಿ ಜೊತೆಗಿರಲಿ.

ಬುಕ್ ಮಾಡುವ ಮೊದಲು ಕಂಪನಿಯ ವಿಶೇಷ ಆಹಾರ ವಿಭಾಗಕ್ಕೆ ಮೇಲ್ ಬರೆದು ಲಿಖಿತ ಉತ್ತರ ಪಡೆಯಬೇಕು. ಏಜೆಂಟರ ಬಾಯಿಮಾತು ಸಾಲದು. ಪ್ರಯಾಣಕ್ಕೆ ಎರಡು-ಮೂರು ತಿಂಗಳ ಮುಂಚೆ ಮತ್ತೊಮ್ಮೆ ನೆನಪಿಸಬೇಕು. ಹಡಗು ಹತ್ತಿದ ಮೊದಲ ದಿನವೇ ಊಟದ ಮನೆಯ ಮುಖ್ಯಸ್ಥರನ್ನು ಕಂಡು ಪಟ್ಟಿ ಕೊಟ್ಟರೆ ಅವರು ದಿನವೂ ಮರುದಿನದ ಅಡುಗೆ ಕೇಳಿ ಮಾಡಿಸುತ್ತಾರೆ. ಹಡಗಿನ ಅಡುಗೆಯವರಲ್ಲಿ ಭಾರತೀಯರೂ ಇರುವುದುಂಟು, ಅವರಿಗೆ ಬೇಗ ಅರ್ಥವಾಗುತ್ತದೆ.

ಬಫೆಯಲ್ಲಿ ಎಚ್ಚರ ಬೇಕು. ಒಂದೇ ಸೌಟು ಹತ್ತು ಪಾತ್ರೆಗೆ ಹೋಗುತ್ತದೆ. ಸೂಪಿಗೆ ಮಾಂಸದ ಸಾರು ಬಳಸುವುದುಂಟು. ಕೇಕು, ಕೆಲವು ಬ್ರೆಡ್ಡುಗಳಲ್ಲಿ ಮೊಟ್ಟೆ, ಅಲುಗುವ ಸಿಹಿಗಳಲ್ಲಿ ಜೆಲಟಿನ್, ಕೆಲವು ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ. ಪ್ರತ್ಯೇಕ ಅಡುಗೆಮನೆ, ಪ್ರತ್ಯೇಕ ಪಾತ್ರೆ ಯಾವ ದೊಡ್ಡ ಹಡಗಿನಲ್ಲೂ ಸಿಗುತ್ತದೆಂದು ನಂಬುವಂತಿಲ್ಲ. ಅಷ್ಟು ಕಟ್ಟುನಿಟ್ಟು ಇರುವವರು ಈ ಮಾತನ್ನು ಮನೆಯಲ್ಲಿ ಮೊದಲೇ ಬಿಚ್ಚಿ ಹೇಳಬೇಕು. ಅಂಥವರಿಗೆ ಜೈನ ಅಡುಗೆಯವರನ್ನೇ ಜೊತೆಗೆ ಕರೆದೊಯ್ಯುವ ಭಾರತೀಯ ಗುಂಪು ಪ್ರವಾಸವಿದ್ದರೆ ಮಾತ್ರ ದಾರಿ.

ಮನೆಯಿಂದ ಒಯ್ಯಲು ನಮ್ಮ ಭಾಗದಲ್ಲಿ ಬೇಕಾದಷ್ಟಿದೆ. ಕಟಕ ಜೋಳದ ರೊಟ್ಟಿ, ಖಾಕರಾ, ಬೆಳ್ಳುಳ್ಳಿ ಹಾಕದ ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿ, ಅವಲಕ್ಕಿ ಚೂಡಾ, ಅಮೀನಗಡದ ಕರದಂಟು ಇವು ವಾರಗಟ್ಟಲೆ ಕೆಡುವುದಿಲ್ಲ. ಕಂಪನಿ ಮೊಹರಿನ ಪೊಟ್ಟಣದಲ್ಲಿದ್ದರೆ ಒಳ್ಳೆಯದು, ಏಕೆಂದರೆ ಹಲವು ಹಡಗುಗಳು ಮನೆಯಲ್ಲಿ ಮಾಡಿದ್ದನ್ನು ಒಳಗೆ ಬಿಡುವುದಿಲ್ಲ. ಅಮೆರಿಕದಲ್ಲಿ ಇಳಿದಾಗ ಎಲ್ಲ ಆಹಾರವನ್ನೂ ಫಾರ್ಮಿನಲ್ಲಿ ತೋರಿಸಬೇಕು. ಹಸಿ ಹಣ್ಣು, ತರಕಾರಿ, ಬೀಜ ಒಯ್ಯಬಾರದು. ಕರೆಂಟಿನ ಕೆಟಲ್, ಕುಕ್ಕರ್, ಇಸ್ತ್ರಿಪೆಟ್ಟಿಗೆಗಳನ್ನು ಹಡಗಿನಲ್ಲಿ ಜಪ್ತಿ ಮಾಡುತ್ತಾರೆ.

ಸೂರ್ಯಾಸ್ತ ಮತ್ತು ತಿಂಗಳ ಆಯ್ಕೆ

ರಾತ್ರಿ ಭೋಜನ ತ್ಯಾಗ ಮಾಡಿದವರಿಗೆ ಅಲಾಸ್ಕಾದಲ್ಲಿ ಒಂದು ಅನುಕೂಲವಿದೆ. ಜೂನ್ ಮೂರನೇ ವಾರ ಜೂನೋದಲ್ಲಿ ಬೆಳಗಿನ 4 ಗಂಟೆಗೆ ಮೊದಲೇ ಸೂರ್ಯೋದಯ, ರಾತ್ರಿ 10 ದಾಟಿದ ಮೇಲೆ ಸೂರ್ಯಾಸ್ತ. ಸಂಜೆ 5:30 ಅಥವಾ 6ರ ಮೊದಲ ಪಾಳಿಯಲ್ಲಿ ಊಟ ಮುಗಿಸಿದರೆ ನಾಲ್ಕು ಗಂಟೆ ಹೊತ್ತು ಇನ್ನೂ ಬಾಕಿ ಇರುತ್ತದೆ. ಮೇ ಮಧ್ಯದಲ್ಲೂ ಸೂರ್ಯಾಸ್ತ ರಾತ್ರಿ 9ರ ಸುಮಾರಿಗೆ. ಸೆಪ್ಟೆಂಬರ್ ಮಧ್ಯಕ್ಕೆ ಅದು ಸಂಜೆ 7ಕ್ಕೆ ಇಳಿಯುತ್ತದೆ. ಊಟದ ಪಾಳಿ ಕೇಳುವಾಗ ಮೊದಲನೆಯದನ್ನೇ ಕೇಳಬೇಕು.

ಹಡಗುಗಳು ಓಡುವ ಕಾಲ ಮುಖ್ಯವಾಗಿ ಮೇಯಿಂದ ಸೆಪ್ಟೆಂಬರ್. ಜುಲೈಯಲ್ಲಿ ಚಾತುರ್ಮಾಸ ಆರಂಭ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಪರ್ಯೂಷಣ, ದಶಲಕ್ಷಣ ಪರ್ವ. ಚಾತುರ್ಮಾಸದಲ್ಲಿ ದೂರ ಸಂಚಾರ ಬಿಡುವ ನಿಯಮ ಹಿಡಿದ ಶ್ರಾವಕರಿಗೆ ಮೇ ಎರಡನೇ ವಾರದಿಂದ ಜೂನ್‌ವರೆಗಿನ ಕಾಲವೇ ಸೂಕ್ತ. ಮೇ ತಿಂಗಳಲ್ಲಿ ದರವೂ ಕಡಿಮೆ, ಮಳೆಯೂ ಕಡಿಮೆ, ಇಲ್ಲಿಯ ಶಾಲೆಗಳಿಗೂ ರಜೆ. ದಿಗ್ವ್ರತ ತೆಗೆದುಕೊಂಡು ಸಂಚಾರಕ್ಕೆ ಮಿತಿ ಹಾಕಿಕೊಂಡವರು ಆ ಮಿತಿಯನ್ನು ಒಮ್ಮೆ ನೆನಪಿಸಿಕೊಂಡು, ಸಂಶಯವಿದ್ದರೆ ಗುರುಗಳನ್ನು ಕೇಳಿಯೇ ಮುಂದುವರಿಯಬೇಕು. ಟಿಕೆಟ್ ಆದ ಮೇಲೆ ಕೇಳಿದರೆ ಎಲ್ಲರಿಗೂ ಇಕ್ಕಟ್ಟು.

ಬಟ್ಟೆ ಮತ್ತು ಬಂದರಿನ ತಿರುಗಾಟ

ಬೇಸಿಗೆಯಲ್ಲೂ ಅಲ್ಲಿ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 10ರಿಂದ 18 ಡಿಗ್ರಿ. ಹಿಮನದಿಯ ಎದುರು ಗಾಳಿ ಇನ್ನೂ ತಣ್ಣಗಿರುತ್ತದೆ. ಕೆಚಿಕನ್ ಪಟ್ಟಣದಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ನಮ್ಮ ಬಾಗಲಕೋಟೆಗಿಂತ ಐದಾರು ಪಟ್ಟು. ಚಳಿಗೆ ಮಾರುವ ಜಾಕೀಟುಗಳಲ್ಲಿ ಹಲವು ಬಾತುಕೋಳಿ, ಹೆಬ್ಬಾತಿನ ಗರಿ ತುಂಬಿದವು. ಚೀಟಿಯಲ್ಲಿ "ಡೌನ್" ಎಂದಿದ್ದರೆ ಅದೇ ಅರ್ಥ. ಅದರ ಬದಲು ಕೃತಕ ನೂಲು ತುಂಬಿದ ಜಾಕೀಟು, ಫ್ಲೀಸ್ ಅಂಗಿ, ಮೇಲೆ ಮಳೆ ಅಂಗಿ ಸಾಕು. ಚರ್ಮದ ಬೂಟಿನ ಬದಲು ನೀರು ತಡೆಯುವ ಬಟ್ಟೆಯ ಬೂಟು ಸಿಗುತ್ತದೆ.

ಬಂದರಿನ ತಿರುಗಾಟಗಳಲ್ಲಿ ಮೀನು ಹಿಡಿಯುವುದು, ಮೀನು ಸುಡುವ ಔತಣ, ನಾಯಿ ಎಳೆಯುವ ಬಂಡಿ ಇರುತ್ತವೆ. ಹೆಸರು ನೋಡಿ ಬಿಡಬೇಕು. ಸ್ಕಾಗ್‌ವೇಯಿಂದ ಬೆಟ್ಟ ಹತ್ತುವ ವೈಟ್ ಪಾಸ್ ರೈಲು 1898ರಿಂದ 1900ರ ನಡುವೆ ಕಟ್ಟಿದ್ದು, ಕುಳಿತೇ ನೋಡಬಹುದು. ಈ ರೈಲು ಕೆನಡಾದ ಗಡಿಯವರೆಗೆ ಹೋಗುವುದರಿಂದ ಪಾಸ್‌ಪೋರ್ಟ್ ಬೇಕೇ ಎಂದು ಕೇಳಿಕೊಳ್ಳಬೇಕು. ಜೂನೋದಲ್ಲಿ ತಿಮಿಂಗಿಲ ನೋಡುವ ದೋಣಿಗಳಿವೆ. ದೋಣಿ ದೂರ ನಿಲ್ಲಬೇಕೆಂಬ ನಿಯಮ ಅಲ್ಲಿದೆ. ಗ್ಲೇಸಿಯರ್ ಬೇಯ ಜಾನ್ಸ್ ಹಾಪ್ಕಿನ್ಸ್ ಒಳಕೊಲ್ಲಿಗೆ ಸೀಲ್ ಪ್ರಾಣಿಗಳು ಮರಿ ಹಾಕುವ ಮೇ-ಜೂನ್‌ನಲ್ಲಿ ಹಡಗು ಬಿಡುವುದಿಲ್ಲ. ಆ ಹಿಮನದಿ ಕಾಣಲಿಲ್ಲವೆಂದು ಬೇಸರಪಡುವ ಕಾರಣವಿಲ್ಲ. ತಾಯಿ-ಮರಿಗೆ ತೊಂದರೆಯಾಗದಿರಲೆಂದೇ ಆ ನಿಯಮ.

ಹಿರಿಯರ ಆರೋಗ್ಯ, ಖರ್ಚಿನ ಲೆಕ್ಕ

ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಬಿಲ್ಲು ಪ್ರತ್ಯೇಕ ಮತ್ತು ಭಾರಿ. ತುರ್ತು ಬಂದರೆ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಗಬಹುದು. ಮೊದಲಿನಿಂದ ಇರುವ ಬಿಪಿ, ಸಕ್ಕರೆ, ಹೃದಯದ ಕಾಯಿಲೆಗೂ ರಕ್ಷಣೆ ಇರುವ, ಹಡಗಿನ ಪ್ರಯಾಣ ಮತ್ತು ತುರ್ತು ಸಾಗಣೆ ಎರಡೂ ಸೇರಿದ ವಿಮೆ ಮಾಡಿಸಬೇಕು. ಮಾತ್ರೆಗಳನ್ನು ಡಾಕ್ಟರ ಚೀಟಿ ಸಹಿತ ಕೈಚೀಲದಲ್ಲಿಡಬೇಕು. ದೊಡ್ಡ ಪೆಟ್ಟಿಗೆ ಕೊಠಡಿಗೆ ಬರುವುದು ತಡವಾಗುತ್ತದೆ.

ಜಾಹೀರಾತಿನ ದರ ಒಬ್ಬರದು, ಅದೂ ಒಂದು ಕೊಠಡಿಯಲ್ಲಿ ಇಬ್ಬರಿದ್ದಾಗ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ಹಣ ಬೀಳಬಹುದು. ಅದರ ಮೇಲೆ ಬಂದರಿನ ತೆರಿಗೆ, ಸಿಬ್ಬಂದಿಯ ಭಕ್ಷೀಸು ದಿನಕ್ಕೆ ತಲಾ 15ರಿಂದ 20 ಡಾಲರ್, ಇಂಟರ್ನೆಟ್, ತಿರುಗಾಟ, ವಿಮೆ, ವೀಸಾ, ವಿಮಾನ ಎಲ್ಲ ಸೇರುತ್ತವೆ. ಮದ್ಯ ಸೇರಿದ ಪಾನೀಯದ ಪ್ಯಾಕೇಜನ್ನು ಉಚಿತವೆಂದು ತೋರಿಸಿ ದರ ಏರಿಸಿರುವುದುಂಟು. ನಮಗೆ ಬೇಡದ್ದಕ್ಕೆ ಹಣ ಕೊಡಬಾರದು, ಅದನ್ನು ಬಿಟ್ಟ ದರ ಕೇಳಬೇಕು. ಭಾರತದ ಏಜೆಂಟರಲ್ಲಿ ಪ್ಯಾಕೇಜು ಕೊಂಡರೆ ಟಿಸಿಎಸ್ ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಪೂರ್ತಿ ಹಣ ಕಟ್ಟುವ ಕೊನೆಯ ದಿನ, ರದ್ದಾದರೆ ಎಷ್ಟು ಮರಳುತ್ತದೆ ಎಂಬುದನ್ನು ಬರೆಸಿಕೊಳ್ಳಬೇಕು.

ಸಮುದ್ರ ಒಗ್ಗುತ್ತದೋ ಇಲ್ಲವೋ ಎಂಬ ಅಂಜಿಕೆ ಇರುವವರು ಮೊದಲು ಮುಂಬೈಯಿಂದ ಎರಡು-ಮೂರು ರಾತ್ರಿಯ ಹಡಗಿನಲ್ಲಿ ಹೋಗಿ ನೋಡಬಹುದು. 2021ರಿಂದ ಮುಂಬೈಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಹಡಗು ನಡೆಸುತ್ತಿರುವ ಕಾರ್ಡೀಲಿಯಾ ಕಂಪನಿಯಲ್ಲಿ ಜೈನ ಊಟದ ವ್ಯವಸ್ಥೆ ಇದೆ. ಅಲ್ಲಿ ಹಿಮನದಿ ಇಲ್ಲ, ಆದರೆ ವೀಸಾ ಬೇಡ, ಖರ್ಚು ಕಡಿಮೆ, ಮನಸ್ಸಿಗೆ ಧೈರ್ಯ ಬರುತ್ತದೆ.

ಹಣ ಕಟ್ಟುವ ಮುನ್ನ ಕೇಳಬೇಕಾದ ಏಳು ಪ್ರಶ್ನೆಗಳು

1. ಹಡಗು ಯಾವ ಹಿಮನದಿಗೆ, ಎಷ್ಟು ಹೊತ್ತು ಹೋಗುತ್ತದೆ?
2. ಅಲ್ಲಿಗೆ ಹೋಗಲಾಗದಿದ್ದರೆ ಬದಲಿ ಏನು?
3. ಎರಡೂ ದೇಶಗಳ ವೀಸಾ ಕೈಯಲ್ಲಿದೆಯೇ?
4. ಜೈನ ಊಟದ ಬಗ್ಗೆ ಲಿಖಿತ ಉತ್ತರ ಬಂದಿದೆಯೇ?
5. ಊಟದ ಮೊದಲ ಪಾಳಿ ಸಿಕ್ಕಿದೆಯೇ?
6. ವಿಮೆಯಲ್ಲಿ ಹಳೆಯ ಕಾಯಿಲೆ ಸೇರಿದೆಯೇ?
7. ಹಿರಿಯರ ವ್ರತ-ನಿಯಮಗಳನ್ನು ಮಕ್ಕಳು ಅವರ ಬಾಯಿಂದಲೇ ಕೇಳಿ ತಿಳಿದಿದ್ದಾರೆಯೇ?

ಏಳನೆಯದು ಎಲ್ಲಕ್ಕಿಂತ ದೊಡ್ಡದು. ಉಳಿದ ಆರಕ್ಕೆ ಏಜೆಂಟರು ಉತ್ತರ ಕೊಟ್ಟಾರು, ಇದಕ್ಕೆ ಮನೆಯವರೇ ಕುಳಿತು ಮಾತಾಡಬೇಕು.

ಹಡಗು ನಮ್ಮ ನಾಡಿಗೆ ಹೊಸದಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿ ಜಿನಾಲಯದಲ್ಲಿ 634ರಲ್ಲಿ ರವಿಕೀರ್ತಿ ಬರೆಸಿದ ಶಾಸನದಲ್ಲಿ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ಸಂಗತಿ ಇದೆ. ಕಡಲು ಕಾಣದ ಈ ಬೆಟ್ಟದ ಮೇಲೆ ಕಡಲಿನ ಮಾತು ಕೆತ್ತಿ ಹದಿನಾಲ್ಕು ಶತಮಾನ ಸಂದಿದೆ. ಆಗ ಹಡಗು ಹೋದದ್ದು ಯುದ್ಧಕ್ಕೆ. ಇಂದು ತಂದೆ-ತಾಯಿಯನ್ನು ಕರೆದುಕೊಂಡು ಮಕ್ಕಳು ಹೋಗುತ್ತಿದ್ದಾರೆ. ಹೋದವರು ಹೊಟ್ಟೆ ತುಂಬಾ ಉಂಡು, ನಿಯಮ ಉಳಿಸಿಕೊಂಡು, ಕಣ್ತುಂಬಾ ನೋಡಿ ಸುಖವಾಗಿ ಮರಳಲಿ.

ಜಯ ಜಿನೇಂದ್ರ.